ವಿಧಿ, ರಕ್ತಸಂಬಂಧ, ಧರ್ಮಸಂಕಟ: ಗ್ರೀಕ್ ದುರಂತ ನಾಟಕವನ್ನು ಓದುವ ಬಗೆ

ಗ್ರೀಕ್ ದುರಂತ ನಾಟಕವನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವವರು ಸಾಮಾನ್ಯವಾಗಿ ಎರಡು ಸಿದ್ಧ ತೀರ್ಪುಗಳಲ್ಲಿ ಒಂದನ್ನು ಜೊತೆಯಲ್ಲೇ ತಂದಿರುತ್ತಾರೆ. ಎಲ್ಲವೂ ಮೊದಲೇ ನಿಶ್ಚಯವಾಗಿತ್ತು, ಪಾತ್ರಗಳು ವಿಧಿಯ ಕೈಗೊಂಬೆಗಳು ಎಂಬುದು ಒಂದು ತೀರ್ಪು. ನಾಯಕನಲ್ಲಿ ಒಂದು ದೋಷವಿತ್ತು, ಬಹುಮಟ್ಟಿಗೆ ಅಹಂಕಾರ, ಅದಕ್ಕೆ ತಕ್ಕ ಶಾಸ್ತಿಯಾಯಿತು ಎಂಬುದು ಇನ್ನೊಂದು. ಪರೀಕ್ಷೆಯ ಉತ್ತರಕ್ಕೆ ಇವು ಸಾಕಾಗಬಹುದು. ಆದರೆ ನಾಟಕವನ್ನು ಗಮನವಿಟ್ಟು ಓದಿದವರ ಮುಂದೆ ಎರಡೂ ನಿಲ್ಲುವುದಿಲ್ಲ: ಕೈಗೊಂಬೆಗಳು ಇಷ್ಟೊಂದು ವಾದ ಮಾಡುವುದಿಲ್ಲ, ಮತ್ತು ತಂದೆತಾಯಿಯರನ್ನು ಉಳಿಸಲೆಂದೇ ಮನೆ ಬಿಟ್ಟು ಹೋದ ಈಡಿಪಸನಿಗೆ ಅಹಂಕಾರದ ಶಿಕ್ಷೆಯಾಯಿತೆಂದು ಹೇಳಲು ನಾಲಗೆ ಏಳುವುದಿಲ್ಲ. ಇಲ್ಲಿ ವಿವರಿಸುವ ಓದಿನ ಕ್ರಮ ಬೇರೆಯದು. ಈ ನಾಟಕಗಳಲ್ಲಿ ವಿಧಿಯು ಹೊರಗಿನಿಂದ ಬಂದೆರಗುವುದಕ್ಕಿಂತ ಹೆಚ್ಚಾಗಿ ಬಂಧುನಿಷ್ಠೆಯ ದಾರಿಯಲ್ಲೇ ನಡೆದುಬರುತ್ತದೆ ಎಂದು ಭಾವಿಸಿಕೊಂಡು, ಆ ದಾರಿಯನ್ನು ಪುಟದಿಂದ ಪುಟಕ್ಕೆ ಗುರುತಿಸುತ್ತ ಹೋಗುವುದು ಈ ಕ್ರಮದ ಸಾರ.

ಓದುವ ಮೊದಲು

ಈಸ್ಕಿಲಸ್‌ನ 7, ಸೊಫೊಕ್ಲಿಸ್‌ನ 7 ಮತ್ತು ಯೂರಿಪಿಡಿಸ್‌ನ ಹೆಸರಿನಲ್ಲಿರುವ 19 ನಾಟಕಗಳು ಇಂದು ಇಡಿಯಾಗಿ ಉಳಿದಿವೆ. ಇವುಗಳಲ್ಲಿ ಒಂದೆರಡರ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ವಿವಾದವಿದೆ. ಎಲ್ಲವನ್ನೂ ಓದುವ ಹಂಬಲ ಮೊದಲಿಗೆ ಬೇಡ. ಸೊಫೊಕ್ಲಿಸ್‌ನ 'ದೊರೆ ಈಡಿಪಸ್' ಮತ್ತು 'ಆಂಟಿಗನಿ', ಈಸ್ಕಿಲಸ್‌ನ 'ಒರೆಸ್ಟಿಯ' ತ್ರಿವಳಿ, ಇಷ್ಟನ್ನು ಚೆನ್ನಾಗಿ ಓದಿದರೆ ಉಳಿದವು ತಾವಾಗಿಯೇ ತೆರೆದುಕೊಳ್ಳುತ್ತವೆ. ಮೊದಲಿನ ಎರಡನ್ನು ಪಿ. ಲಂಕೇಶ್ ಕನ್ನಡಕ್ಕೆ ತಂದಿದ್ದಾರೆ. ಇಂಗ್ಲಿಷಿನಲ್ಲಿ ಓದುವವರೂ ಆ ಅನುವಾದವನ್ನು ಪಕ್ಕದಲ್ಲಿ ಇಟ್ಟುಕೊಂಡು ಬಿಸಿಯೇರಿದ ಸಂಭಾಷಣೆಗಳನ್ನಾದರೂ ಗಟ್ಟಿಯಾಗಿ ಓದಿ ನೋಡಬೇಕು, ಏಕೆಂದರೆ ಇವು ಕಿವಿಗಾಗಿ ಬರೆದ ಮಾತುಗಳು.

ಕತೆಯನ್ನು ಮೊದಲೇ ತಿಳಿದುಕೊಳ್ಳಿ. ಕೊನೆ ಗೊತ್ತಾದರೆ ಸ್ವಾರಸ್ಯ ಕೆಡುತ್ತದೆ ಎಂಬ ಅಂಜಿಕೆ ಇಲ್ಲಿ ಸಲ್ಲದು. ಅಥೆನ್ಸಿನಲ್ಲಿ ವಸಂತಕಾಲದ ಡಯೊನೈಸಿಯ ಉತ್ಸವದಲ್ಲಿ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣ ಇಳಿಜಾರಿನ ಬಯಲು ರಂಗಮಂದಿರದಲ್ಲಿ ಕುಳಿತಿದ್ದ ಪ್ರೇಕ್ಷಕರಿಗೆ ಈಡಿಪಸ್ ಯಾರ ಮಗನೆಂದು ಗೊತ್ತಿತ್ತು, ಟ್ರಾಯ್ ಯುದ್ಧದ ಸೇನಾಪತಿ ಅಗಮೆಮ್ನಾನನು ಮನೆಗೆ ಮರಳಿದ ದಿನವೇ ಸಾಯುತ್ತಾನೆಂದೂ ಗೊತ್ತಿತ್ತು. ಮುಂದೇನಾಗುತ್ತದೆ ಎಂಬ ಕುತೂಹಲ ಅವರಿಗೆ ಇರಲಿಲ್ಲ. ಗೊತ್ತಿರುವುದು ಹೇಗೆ ಆಗುತ್ತದೆ, ಆ ಹೊತ್ತಿನಲ್ಲಿ ಇವನು ಏನು ಹೇಳುತ್ತಾನೆ ಎಂಬುದನ್ನು ಕಾಣಲು ಅವರು ಬಂದಿದ್ದರು. ಹೊಸ ಓದುಗರೂ ಅದೇ ಜಾಗದಲ್ಲಿ ಕೂರಬೇಕು.

ಆಮೇಲೆ ಒಂದು ಹಾಳೆಯಲ್ಲಿ ವಂಶವೃಕ್ಷವನ್ನು ಬರೆದುಕೊಳ್ಳಿ. ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗಿರುವುದು ಸಾಲದು. ಸ್ವಂತ ಕೈಯಿಂದ ಬರೆದಾಗ ಮಾತ್ರ ಕ್ರಿಯಾನನು ಈಡಿಪಸನ ಮಗಳು ಆಂಟಿಗನಿಗೆ ಸೋದರಮಾವನೆಂಬುದು, ಅವಳು ಅವನ ಮಗ ಹೀಮನ್‌ನಿಗೆ ನಿಶ್ಚಿತಳಾದವಳೆಂಬುದು, ಹೂಳದೆ ಬಿಟ್ಟ ಪಾಲಿನೈಸಿಸನ ಹೆಣ ಕ್ರಿಯಾನನ ಸ್ವಂತ ಸೋದರಳಿಯನದೆಂಬುದು ನೆನಪಿನಲ್ಲಿ ಉಳಿಯುತ್ತದೆ. ಈ ನಂಟುಗಳು ಬೇಗ ಮರೆತುಹೋಗುವಂಥವು, ಮರೆತರೆ ನಾಟಕದ ಅರ್ಧ ಭಾರ ಇಳಿದುಹೋಗುತ್ತದೆ.

ಥೀಬ್ಸ್ ಅರಮನೆಯ ಕತೆಗೆ ಸಂಬಂಧಿಸಿದ ಸೊಫೊಕ್ಲಿಸ್‌ನ ಮೂರು ನಾಟಕಗಳು ಒಂದೇ ಸರಣಿಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. 'ಆಂಟಿಗನಿ' ಸುಮಾರು ಕ್ರಿ.ಪೂ. 441ರದು, ಕತೆಯಲ್ಲಿ ಅದಕ್ಕಿಂತ ಮುಂಚೆ ನಡೆಯುವ 'ದೊರೆ ಈಡಿಪಸ್' ಅದಾದ ಸುಮಾರು ಹನ್ನೆರಡು ವರ್ಷಗಳ ನಂತರದ್ದು, ಇವೆರಡರ ನಡುವೆ ಬರುವ 'ಕೊಲೊನಸ್ಸಿನಲ್ಲಿ ಈಡಿಪಸ್' ಕವಿ ತೀರಿಕೊಂಡ ಮೇಲೆ, ಕ್ರಿ.ಪೂ. 401ರಲ್ಲಿ ರಂಗಕ್ಕೆ ಬಂತು. ಆದ್ದರಿಂದ ಒಂದು ನಾಟಕದ ಕ್ರಿಯಾನನ ಸ್ವಭಾವವನ್ನು ಇನ್ನೊಂದರ ಕ್ರಿಯಾನನಿಗೆ ಅಂಟಿಸಬಾರದು.

ವಿಧಿ ಹೇಳಿದ್ದೆಷ್ಟು, ಮನುಷ್ಯ ಮಾಡಿದ್ದೆಷ್ಟು

ಓದುವಾಗ ಪಕ್ಕದಲ್ಲಿ ಮೂರು ಅಂಕಣಗಳ ಒಂದು ಟಿಪ್ಪಣಿ ಇರಲಿ. ಮೊದಲನೆಯದರಲ್ಲಿ ನಾಟಕ ಶುರುವಾಗುವ ಮೊದಲೇ ನಡೆದುಹೋದ ಸಂಗತಿಗಳು, ಎರಡನೆಯದರಲ್ಲಿ ದೈವವಾಣಿಯೋ ಕುಲಶಾಪವೋ ಹೇಳಿದ ಮಾತುಗಳು, ಮೂರನೆಯದರಲ್ಲಿ ರಂಗದ ಮೇಲೆ ನಮ್ಮೆದುರಿಗೆ ಪಾತ್ರವೊಂದು ಆರಿಸಿಕೊಂಡ ಕೆಲಸಗಳು. ಎರಡನೆಯ ಅಂಕಣದಲ್ಲಿ ನಾಟಕದಲ್ಲಿ ಇರುವಷ್ಟನ್ನೇ ಬರೆಯಬೇಕು; ನಮ್ಮ ಊಹೆಯನ್ನು ಸೇರಿಸಬಾರದು.

'ದೊರೆ ಈಡಿಪಸ್' ನಾಟಕಕ್ಕೆ ಈ ಪಟ್ಟಿಯನ್ನು ಮಾಡಿದರೆ ಆಗುವುದನ್ನು ಗಮನಿಸಿ. ಮಗನ ಕೈಯಲ್ಲಿ ಸಾವು ಎಂದು ಥೀಬ್ಸಿನ ದೊರೆ ಲಾಯಸನಿಗೆ ದೈವವಾಣಿಯಾಗಿತ್ತು. ಅವನೂ ಹೆಂಡತಿ ಜೊಕಾಸ್ಟಳೂ ಹಸುಗೂಸಿನ ಕಾಲುಗಳನ್ನು ಬಿಗಿಸಿ ಬೆಟ್ಟದಲ್ಲಿ ಬಿಟ್ಟುಬರಲು ಕೊಟ್ಟು ಕಳಿಸಿದರು. ಕೊರಿಂತಿನಲ್ಲಿ ಪಾಲಿಬಸ್ ದೊರೆಯ ಮಗನೆಂದೇ ಬೆಳೆದ ಈಡಿಪಸನಿಗೆ ಔತಣದಲ್ಲಿ ಕುಡಿದವನೊಬ್ಬ, ನೀನು ಅವನ ಮಗನಲ್ಲ ಎಂದ. ಈಡಿಪಸ್ ಅಪೋಲೊ ದೇವರ ವಾಣಿ ನುಡಿಯುವ ಕ್ಷೇತ್ರವಾದ ಡೆಲ್ಫಿಗೆ ಹೋಗಿ ಕೇಳಿದ. ಅಪೋಲೊ ಅವನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ತಂದೆಯನ್ನು ಕೊಲ್ಲುವೆ, ತಾಯಿಯನ್ನು ಕೂಡುವೆ ಎಂದು ಮಾತ್ರ ಹೇಳಿ ಕಳಿಸಿದ. ಇಷ್ಟು ಮೊದಲ ಎರಡು ಅಂಕಣಗಳಿಗೆ ಸೇರುತ್ತದೆ. ಕೊರಿಂತಿಗೆ ಮರಳದಿರುವ ತೀರ್ಮಾನ ಅವನದು, ಮತ್ತು ಆ ತೀರ್ಮಾನದ ಹಿಂದಿರುವುದು ಅಪ್ಪಟ ಮಾತೃಪಿತೃಭಕ್ತಿ. ಅವರನ್ನು ತನ್ನಿಂದ ಕಾಪಾಡಲು ಅವನು ಹೊರಟ ದಾರಿಯೇ ಮೂರು ಹಾದಿಗಳು ಕೂಡುವ ಸ್ಥಳಕ್ಕೆ, ಲಾಯಸನ ಗಾಡಿಯ ಎದುರಿಗೆ, ತಂದು ನಿಲ್ಲಿಸುತ್ತದೆ; ಈಡಿಪಸ್ ಅಲ್ಲಿ, ಯಾರೆಂದು ತಿಳಿಯದೆ, ಲಾಯಸನನ್ನು ಕೊಲ್ಲುತ್ತಾನೆ. ಲಾಯಸ್ ರಕ್ತಸಂಬಂಧವನ್ನು ಕಡಿದು ವಿಧಿಯಿಂದ ಪಾರಾಗಲು ನೋಡಿದ, ಈಡಿಪಸ್ ಅದೇ ಸಂಬಂಧವನ್ನು ಉಳಿಸಿ ಪಾರಾಗಲು ನೋಡಿದ. ಎರಡು ದಾರಿಗಳೂ ಒಂದೇ ಕಡೆ ಸೇರಿದವು. ನನ್ನ ಮಟ್ಟಿಗೆ ಈ ನಾಟಕದ ಅತಿ ಭಯಂಕರವಾದ ಸಂಗತಿ ಕೊಲೆಯಲ್ಲ, ಇದು.

ಇನ್ನು ಮೂರನೆಯ ಅಂಕಣ. ಈಗ ಈಡಿಪಸ್ ದೊರೆಯಾಗಿರುವ ಥೀಬ್ಸ್ ನಗರಕ್ಕೆ ಪಿಡುಗು ಬಂದಿದೆ. ಲಾಯಸನ ಕೊಲೆಗಾರನನ್ನು ಹೊರಗಟ್ಟಬೇಕೆಂದು ಡೆಲ್ಫಿ ಹೇಳಿದೆ. ಆ ಕೊಲೆಗಾರನಿಗೆ ಎಲ್ಲರೆದುರು ಶಾಪ ಹಾಕುವುದು, ಬಾಯಿ ಬಿಡಲೊಲ್ಲದ ಕುರುಡ ಕಾಲಜ್ಞಾನಿ ಟೈರೀಸಿಯಸನನ್ನು ಕೆಣಕಿ ಮಾತಾಡಿಸುವುದು, ಕ್ರಿಯಾನನ ಮೇಲೆ ಒಳಸಂಚಿನ ಆರೋಪ ಹೊರಿಸುವುದು, ಹಸುಗೂಸನ್ನು ಒಯ್ದಿದ್ದ ಹಳೆಯ ಕುರುಬನನ್ನು ಕರೆಸುವುದು, ಇವು ಯಾವುವನ್ನೂ ದೈವವಾಣಿ ಹೇಳಿರಲಿಲ್ಲ. ಸತ್ಯ ಮೊದಲು ಹೊಳೆದ ಜೊಕಾಸ್ಟ, ಇನ್ನು ಹುಡುಕಬೇಡ ಎಂದು ಅಂಗಲಾಚುತ್ತಾಳೆ. ತಾನು ಕೀಳು ಹುಟ್ಟಿನವನೆಂದು ಅವಳು ನಾಚುತ್ತಿದ್ದಾಳೆಂದು ಅವನು ತಪ್ಪು ತಿಳಿಯುತ್ತಾನೆ. ಹೇಳಲಾರದ ಮಾತಿನ ಅಂಚಿಗೆ ಬಂದಿದ್ದೇನೆ ಎಂದು ಕುರುಬ ತೊದಲಿದಾಗ, ನಾನು ಕೇಳಲಾರದ ಮಾತಿನ ಅಂಚಿಗೆ ಬಂದಿದ್ದೇನೆ, ಆದರೂ ಕೇಳಲೇಬೇಕು ಎನ್ನುತ್ತಾನೆ ದೊರೆ. ತಂದೆಯನ್ನು ಕೊಂದದ್ದು, ತಾಯಿಯನ್ನು ಮದುವೆಯಾದದ್ದು ವರ್ಷಗಳ ಹಿಂದೆಯೇ ಮುಗಿದಿತ್ತು. ರಂಗದ ಮೇಲೆ ನಡೆಯುವುದು ತಿಳಿದುಕೊಳ್ಳುವ ಕೆಲಸ, ಮತ್ತು ಅದು ಪೂರ್ತಿಯಾಗಿ ಅವನ ಆಯ್ಕೆ.

ಈ ಗೆರೆಯನ್ನು ಎಳೆದವರು ನಾವಲ್ಲ, ಸೊಫೊಕ್ಲಿಸನೇ. ಕಣ್ಣು ಕಿತ್ತುಕೊಂಡು ಹೊರಬಂದವನನ್ನು, ಯಾವ ದೈವ ನಿನ್ನನ್ನು ಹೀಗೆ ಮಾಡಿಸಿತು ಎಂದು ಮೇಳ, ಅಂದರೆ ರಂಗದ ಮೇಲೆ ಹಾಡುತ್ತ ಮಾತಾಡುವ ಗುಂಪು, ಕೇಳುತ್ತದೆ. ಈ ನೋವುಗಳನ್ನು ತಂದವನು ಅಪೋಲೊ, ಆದರೆ ಕಣ್ಣನ್ನು ಇರಿದ ಕೈ ನನ್ನದು, ಬೇರಾರದೂ ಅಲ್ಲ ಎಂಬರ್ಥದ ಉತ್ತರ ಬರುತ್ತದೆ. ಪುಸ್ತಕದಲ್ಲಿ ಗೆರೆ ಹಾಕಬೇಕಾದ ಜಾಗ ಒಂದೇ ಇದ್ದರೆ ಅದು ಇದು. ವಿಧಿಯೋ ಸ್ವಾತಂತ್ರ್ಯವೋ ಎಂದು ತರಗತಿಗಳಲ್ಲಿ ನಡೆಯುವ ಚರ್ಚೆ ಇವೆರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ; ಈಡಿಪಸ್ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತಾನೆ.

ಕರ್ಮಸಿದ್ಧಾಂತ ಪರಿಚಯವಿರುವ ನಮ್ಮಂಥವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಈಡಿಪಸನು ಅನುಭವಿಸುವುದು ಅವನ ಪ್ರಾರಬ್ಧವಲ್ಲ. ಹಿಂದಿನ ಜನ್ಮದ ಲೆಕ್ಕ ಈ ನಾಟಕಗಳಲ್ಲಿ ಇಲ್ಲ. ಗ್ರೀಕರ ಶಾಪ ಹರಿಯುವುದು ರಕ್ತದ ಮೂಲಕ, ತಾತನಿಂದ ಮೊಮ್ಮಗನಿಗೆ. ಅದರಲ್ಲಿ ವ್ಯಕ್ತಿಗೆ ತಕ್ಕ ನ್ಯಾಯ ಸಿಗಬೇಕೆಂಬ ನಿಯಮವಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಇಲ್ಲಿ ಹಚ್ಚಲು ಹೋದರೆ ನಾಟಕವೇ ತಿರುಗಿಬೀಳುತ್ತದೆ.

ಎರಡೂ ಕಡೆಯ ಬಂಧುಗಳನ್ನು ಎಣಿಸುವುದು

ಕೊಲೆಗಾರನೂ ಸಾಯುವವನೂ ಬಂಧುಗಳಾಗಿರುವ ಕತೆಗಳೇ ದುರಂತ ನಾಟಕಕ್ಕೆ ಅತ್ಯುತ್ತಮವಾದವು ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳಿದ್ದಾನೆ; ಶತ್ರು ಶತ್ರುವನ್ನು ಕೊಂದರೆ ಅದರಲ್ಲಿ ವಿಶೇಷವಾದ ಕರುಣೆ ಹುಟ್ಟುವುದಿಲ್ಲ. ಇದನ್ನು ಓದಿನ ಉಪಕರಣವಾಗಿ ಬಳಸಬಹುದು. ಪ್ರತಿ ಸಂಘರ್ಷದಲ್ಲೂ, ಈ ವ್ಯಕ್ತಿ ಯಾವ ಬಂಧುವಿಗೆ ನಿಷ್ಠನಾಗಿರಲು ಯಾವ ಬಂಧುವಿಗೆ ದ್ರೋಹ ಬಗೆಯುತ್ತಿದ್ದಾನೆ ಎಂದು ಕೇಳಿಕೊಳ್ಳಿ. ಒಂದು ಕಡೆ ಮನೆ, ಇನ್ನೊಂದು ಕಡೆ ರಾಜ್ಯ ಎಂಬ ಸುಲಭವಾದ ತಕ್ಕಡಿಗಿಂತ ಈ ಪ್ರಶ್ನೆ ಬಹಳ ದೂರ ಕರೆದೊಯ್ಯುತ್ತದೆ.

'ಆಂಟಿಗನಿ'ಯನ್ನು ಇದಕ್ಕಾಗಿಯೇ ನಿಧಾನವಾಗಿ ಓದಬೇಕು. ಆಂಟಿಗನಿಯ ಸೋದರರಿಬ್ಬರು ಒಬ್ಬರನ್ನೊಬ್ಬರು ಕೊಂದಿದ್ದಾರೆ. ನಗರವನ್ನು ಕಾಯುತ್ತ ಸತ್ತ ಎಟಿಯೊಕ್ಲಿಸನಿಗೆ ಸಕಲ ಮರ್ಯಾದೆ. ಪರಸೇನೆಯನ್ನು ತಂದು ಮುತ್ತಿಗೆ ಹಾಕಿದ ಪಾಲಿನೈಸಿಸನನ್ನು ಯಾರೂ ಹೂಳಬಾರದು, ಅಳಬಾರದು ಎಂಬುದು ಹೊಸ ದೊರೆ ಕ್ರಿಯಾನನ ಆಜ್ಞೆ. ಆ ಕಾಲದ ಪ್ರೇಕ್ಷಕರಿಗೆ ಈ ಆಜ್ಞೆ ಪೂರ್ತಿ ಅಪರಿಚಿತವಾಗಿರಲಿಲ್ಲ: ದ್ರೋಹಿಯ ಶವವನ್ನು ಅಟ್ಟಿಕದ, ಅಂದರೆ ಅಥೆನ್ಸಿಗೆ ಸೇರಿದ ನಾಡಿನ, ನೆಲದಲ್ಲಿ ಹೂಳಬಾರದೆಂಬ ಕಾನೂನು ಅಥೆನ್ಸಿನಲ್ಲೂ ಇತ್ತು. ಗಡಿಯಾಚೆ ಸಾಗಿಸುವುದಕ್ಕೂ ನಾಯಿ, ಹದ್ದುಗಳಿಗೆ ಬಿಟ್ಟು ಕಾವಲು ಹಾಕುವುದಕ್ಕೂ ಇರುವ ಅಂತರದಲ್ಲಿ ಕ್ರಿಯಾನನ ಅತಿರೇಕವಿದೆ. ಇತ್ತ, ಸತ್ತವರ ಮೈ ತೊಳೆದು ಸಿಂಗರಿಸಿ ಶೋಕಿಸುವುದು ಮನೆಯ ಹೆಂಗಸರ ಕರ್ತವ್ಯವಾಗಿತ್ತು. ಆದ್ದರಿಂದ ಆಂಟಿಗನಿಯದು ಬಂಡಾಯದ ಹುಮ್ಮಸ್ಸು ಮಾತ್ರವಲ್ಲ, ತನ್ನ ಪಾಲಿನ ಕೆಲಸ.

ಈಗ ಕ್ರಿಯಾನನ ಮೊದಲ ಭಾಷಣಕ್ಕೆ ಬನ್ನಿ. ಆಪ್ತರನ್ನು ತಾಯ್ನಾಡಿಗಿಂತ ದೊಡ್ಡವರೆಂದು ಬಗೆಯುವವನು ನನ್ನ ಲೆಕ್ಕದಲ್ಲಿ ಎಲ್ಲೂ ಇಲ್ಲ ಎಂದು ಅವನು ಘೋಷಿಸುವ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಸ್ವಲ್ಪವೇ ಮುಂಚೆ ಅವನು ಇನ್ನೊಂದು ಮಾತನ್ನು ಹೇಳಿರುತ್ತಾನೆ: ತೀರಿಕೊಂಡವರಿಗೆ ತಾನು ಅತಿ ಹತ್ತಿರದ ನೆಂಟನಾದ್ದರಿಂದ ಸಿಂಹಾಸನ ತನಗೆ ಬಂದಿದೆ. ಅಂದರೆ ರಕ್ತಸಂಬಂಧವನ್ನು ತಳ್ಳಿಹಾಕುವ ಅಧಿಕಾರವನ್ನು ಅವನಿಗೆ ಕೊಟ್ಟದ್ದೇ ರಕ್ತಸಂಬಂಧ. ಮುಂದೆ, ಇವಳು ನನ್ನ ಅಕ್ಕನ ಮಗಳಾದರೇನು, ಮನೆದೇವರ ಮುಂದೆ ಕೂಡುವ ಎಲ್ಲರಿಗಿಂತ ಹತ್ತಿರದವಳಾದರೇನು, ಶಿಕ್ಷೆ ತಪ್ಪದು ಎಂದು ಅವನು ಗುಡುಗುವಾಗ, ಸ್ವಂತದವರಿಗೆ ರಿಯಾಯಿತಿ ತೋರದ ನಿಷ್ಪಕ್ಷಪಾತಿ ಆಡಳಿತಗಾರನ ಗತ್ತೂ ಅದರಲ್ಲಿದೆ. ಅವನನ್ನು ಬರಿಯ ಖಳನೆಂದು ಓದುವವರು ಇದನ್ನು ಕಳೆದುಕೊಳ್ಳುತ್ತಾರೆ. ಭಾಷಣದ ಈ ಭಾಗವನ್ನು ಯಾವ ಸಭೆಯಲ್ಲಿ ಓದಿದರೂ ಇಂದಿಗೂ ಚಪ್ಪಾಳೆ ಬೀಳುತ್ತದೆ.

ಆಂಟಿಗನಿಯ ಕಡೆಯ ಲೆಕ್ಕವೂ ಅಷ್ಟು ಸರಳವಲ್ಲ. ದ್ವೇಷದಲ್ಲಿ ಪಾಲುಗೊಳ್ಳಲು ಹುಟ್ಟಿದವಳಲ್ಲ, ಪ್ರೀತಿಯಲ್ಲಿ ಎನ್ನುವ ಇದೇ ಹುಡುಗಿ, ಮೊದಲ ದೃಶ್ಯದಲ್ಲಿ ಹಿಂಜರಿದ ತಂಗಿ ಇಸ್ಮೀನಿಯನ್ನು ಮಾತಿನಿಂದ ಇರಿಯುತ್ತಾಳೆ, ಆಮೇಲೆ ಇಸ್ಮೀನಿ ತಪ್ಪನ್ನು ಹಂಚಿಕೊಂಡು ಜೊತೆಯಲ್ಲಿ ಸಾಯಲು ಸಿದ್ಧಳಾದಾಗ ನಿನಗೆ ಆ ಹಕ್ಕಿಲ್ಲವೆಂದು ದೂರ ತಳ್ಳುತ್ತಾಳೆ. ಸತ್ತ ಒಡಹುಟ್ಟಿದವನ ಮೇಲಿನ ನಿಷ್ಠೆ ಬದುಕಿರುವ ಒಡಹುಟ್ಟಿದವಳ ಮೇಲೆ ಕ್ರೌರ್ಯವಾಗುತ್ತದೆ. ಇಸ್ಮೀನಿಯನ್ನು ಹೇಡಿಯೆಂದು ಒಂದೇ ಮಾತಿನಲ್ಲಿ ಮುಗಿಸುವ ಓದುಗರ ಜೊತೆ ನಾನು ಯಾವತ್ತೂ ಜಗಳಕ್ಕೆ ನಿಲ್ಲುತ್ತೇನೆ. ಆ ಮನೆಯಲ್ಲಿ ಉಳಿದವರನ್ನು ಉಳಿಸಿಕೊಳ್ಳಬೇಕೆಂದು ಯೋಚಿಸಿದವಳು ಅವಳೊಬ್ಬಳೇ.

ಹೊಸಬರು ಬಿಟ್ಟು ಮುಂದೆ ಹೋಗುವ ಇನ್ನೊಂದು ಭಾಗ ಆಂಟಿಗನಿಯ ಕೊನೆಯ ಮಾತುಗಳಲ್ಲಿದೆ. ಗಂಡನಿಗಾಗಿಯಾಗಲಿ ಮಗುವಿಗಾಗಿಯಾಗಲಿ ನಾನು ಈ ಕೆಲಸ ಮಾಡುತ್ತಿರಲಿಲ್ಲ. ಗಂಡ ಸತ್ತರೆ ಇನ್ನೊಬ್ಬ ಸಿಕ್ಕಾನು, ಮಗು ಸತ್ತರೆ ಇನ್ನೊಂದು ಹುಟ್ಟೀತು, ಆದರೆ ತಂದೆತಾಯಿ ಮಣ್ಣು ಸೇರಿದ ಮೇಲೆ ಇನ್ನೊಬ್ಬ ಸೋದರ ಹುಟ್ಟಲಾರ, ಇದು ಅವಳ ತರ್ಕ. ಜರ್ಮನ್ ಕವಿ ಗಯಟೆಗೆ ಈ ಸಾಲುಗಳು ಎಷ್ಟು ಇರಿಸುಮುರಿಸು ತಂದವೆಂದರೆ, ಇವು ಪ್ರಕ್ಷಿಪ್ತವೆಂದು ಯಾರಾದರೂ ವಿದ್ವಾಂಸರು ಸಾಧಿಸಲೆಂದು ಅವನು ಹಾರೈಸಿದ. ಆದರೆ ಅರಿಸ್ಟಾಟಲ್ ಅವನ್ನು ಸೊಫೊಕ್ಲಿಸನ ಮಾತೆಂದೇ ಉದಾಹರಿಸಿದ್ದಾನೆ, ಮತ್ತು ಇಂಥದೇ ವಾದವನ್ನು ಹಿರೊಡೊಟಸನ ಇತಿಹಾಸದಲ್ಲಿ ಪರ್ಷಿಯದ ಹೆಂಗಸೊಬ್ಬಳು ಮಾಡುತ್ತಾಳೆ. ಇಲ್ಲಿಯವರೆಗೆ ದೇವತೆಗಳ ಅಲಿಖಿತ ಶಾಸನದ ಹೆಸರಿನಲ್ಲಿ ನಿಂತಿದ್ದವಳು ಈಗ ಒಬ್ಬನೇ ಒಬ್ಬ ಮನುಷ್ಯನ ಹೆಸರಿನಲ್ಲಿ ನಿಲ್ಲುತ್ತಾಳೆ. ಈ ಎರಡು ಸಮರ್ಥನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬ ಪ್ರಶ್ನೆಯನ್ನು ಟಿಪ್ಪಣಿಯಲ್ಲಿ ಬರೆದು ತೆರೆದೇ ಇಡಿ. ಹೊಂದಿಸಿಬಿಡುವ ಆತುರ ಬೇಡ. ಸಾವಿನ ಹೊಸ್ತಿಲಲ್ಲಿ ನಿಂತವಳು ತಾತ್ವಿಕ ಪ್ರಬಂಧ ಮಂಡಿಸಬೇಕೆಂದು ಕೇಳುವುದೇ ಅನ್ಯಾಯ.

ಜರ್ಮನ್ ತತ್ತ್ವಜ್ಞಾನಿ ಹೆಗೆಲ್ ಇಲ್ಲಿ ಎರಡು ಸತ್ಯಗಳ ಡಿಕ್ಕಿಯನ್ನು ಕಂಡ. ಅದು ಮೊದಲ ಓದಿಗೆ ಒಳ್ಳೆಯ ಊರುಗೋಲು, ಎರಡನೆಯ ಓದಿಗೆ ಸಾಲದು, ಏಕೆಂದರೆ ಸೊಫೊಕ್ಲಿಸ್ ತಕ್ಕಡಿಯನ್ನು ಕೊನೆಯವರೆಗೂ ಸಮವಾಗಿ ಹಿಡಿಯುವುದಿಲ್ಲ. ಟೈರೀಸಿಯಸ್ ಬಂದು ಬಲಿಪೀಠಗಳು ಹೆಣದ ತುಣುಕುಗಳಿಂದ ಮಲಿನವಾಗಿವೆ, ದೇವತೆಗಳು ಬಲಿ ಸ್ವೀಕರಿಸುತ್ತಿಲ್ಲ ಎಂದಾಗ ದೈವ ಯಾವ ಪಕ್ಷವೆಂಬುದು ತಿಳಿಯುತ್ತದೆ.

ತೀರ್ಮಾನದ ಕ್ಷಣವನ್ನು ಹಿಡಿಯುವುದು

ಧರ್ಮಸಂಕಟವೆಂದರೆ ಪಾತ್ರವು ನರಳುವುದಲ್ಲ, ನಿರ್ಧರಿಸುವುದು. ಆದ್ದರಿಂದ ಪ್ರತಿ ನಾಟಕದಲ್ಲೂ ಮನಸ್ಸು ಹೊರಳುವ ಸಾಲನ್ನು ಬೆರಳಿಟ್ಟು ತೋರಿಸಲು ಪ್ರಯತ್ನಿಸಿ. ಅದು ಸಾಮಾನ್ಯವಾಗಿ ದೀರ್ಘ ಭಾಷಣದಲ್ಲಿ ಇರುವುದಿಲ್ಲ. ಇಬ್ಬರು ಒಂದೊಂದೇ ಸಾಲಿನಲ್ಲಿ ಮಾತಿಗೆ ಮಾತು ಕೊಡುತ್ತ ಹೋಗುವ ಭಾಗಗಳಲ್ಲಿ, ಅಥವಾ ಮೇಳಕ್ಕೆ ಕೊಡುವ ಚಿಕ್ಕ ಉತ್ತರದಲ್ಲಿ ಅಡಗಿರುತ್ತದೆ. ಹೀಮನ್ ಮತ್ತು ಕ್ರಿಯಾನನ ಜಗಳವನ್ನು ಇಬ್ಬರು ಕೂತು ಗಟ್ಟಿಯಾಗಿ ಓದಿದರೆ ಇದು ಸ್ಪಷ್ಟವಾಗುತ್ತದೆ. ಮಗ ವಿನಯದಿಂದ ಶುರುಮಾಡಿ, ಊರಿನ ಜನ ಆ ಹುಡುಗಿಗಾಗಿ ಒಳಗೊಳಗೇ ಮರುಗುತ್ತಿದ್ದಾರೆ ಎನ್ನುತ್ತಾನೆ. ನಾನು ಹೇಗೆ ಆಳಬೇಕೆಂದು ಊರು ಹೇಳಬೇಕೇ ಎಂದು ತಂದೆ. ಒಬ್ಬನೇ ಮನುಷ್ಯನಿಗೆ ಸೇರಿದ್ದು ಊರೇ ಅಲ್ಲ ಎಂದು ಮಗ. ಕೆಲವೇ ಸಾಲುಗಳಲ್ಲಿ ಆಡಳಿತದ ಚರ್ಚೆ ತಂದೆಮಗನ ಕದನವಾಗಿ, ಇಬ್ಬರೂ ಹಿಂತಿರುಗಲಾಗದ ಜಾಗಕ್ಕೆ ಬಂದಿರುತ್ತಾರೆ.

ಕ್ರಿಯಾನನ ತೀರ್ಮಾನಗಳ ಸರಣಿಯನ್ನು ಬೇರೆಯಾಗಿ ಬರೆದುಕೊಳ್ಳುವುದು ಉಪಯುಕ್ತ. ಆಜ್ಞೆ ಮೀರಿದವರಿಗೆ ಬಹಿರಂಗವಾಗಿ ಕಲ್ಲು ಹೊಡೆದು ಸಾಯಿಸುವ ಶಿಕ್ಷೆ ಎಂದು ನಾಟಕದ ಆರಂಭದಲ್ಲಿ ಕೇಳುತ್ತೇವೆ. ಹೀಮನ್ ಹೊರಟುಹೋದ ಮೇಲೆ ಶಿಕ್ಷೆ ಬದಲಾಗುತ್ತದೆ: ಊರಿಗೆ ಪಾಪ ತಟ್ಟದಿರುವಷ್ಟು ಆಹಾರ ಕೊಟ್ಟು ಜೀವಂತವಾಗಿ ಗುಹೆಯಲ್ಲಿ ಮುಚ್ಚುವುದು. ಕಲ್ಲು ಹೊಡೆಯಲು ಊರಿನ ಕೈಗಳು ಬೇಕು, ಆ ಕೈಗಳು ಏಳುತ್ತವೆಯೇ ಎಂಬ ಶಂಕೆ ಅವನಿಗೆ ಬಂದಿರಬಹುದೆಂದು ನಾನು ಓದಿಕೊಂಡಿದ್ದೇನೆ. ನಾಟಕ ಅದನ್ನು ಹೇಳುವುದಿಲ್ಲ. ಟೈರೀಸಿಯಸನ ಎಚ್ಚರಿಕೆಯಿಂದ ಬೆದರಿದವನಿಗೆ ಮೇಳ, ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಸತ್ತವನಿಗೆ ಸಮಾಧಿ ಮಾಡು ಎಂದು ಕ್ರಮವನ್ನೂ ಹೇಳಿಕೊಡುತ್ತದೆ. ದೂತನ ವರದಿಯ ಪ್ರಕಾರ ಅವನು ಮಾಡಿದ್ದು ತಿರುಗುಮುರುಗು: ಮೊದಲು ಪಾಲಿನೈಸಿಸನ ಶವಸಂಸ್ಕಾರ, ಅದಾದ ಮೇಲೆ ಗುಹೆ. ಅಷ್ಟರಲ್ಲಿ ಆಂಟಿಗನಿ ನೇಣು ಹಾಕಿಕೊಂಡಿದ್ದಾಳೆ; ಹೀಮನ್ ತಂದೆಯ ಮೇಲೆ ಕತ್ತಿ ಬೀಸಿ, ಗುರಿ ತಪ್ಪಿ, ತನ್ನನ್ನೇ ಇರಿದುಕೊಳ್ಳುತ್ತಾನೆ; ಸುದ್ದಿ ಕೇಳಿದ ತಾಯಿ ಯೂರಿಡಿಸಿ ಗಂಡನನ್ನು ಶಪಿಸಿ ಸಾಯುತ್ತಾಳೆ. ಇದನ್ನು ವಿಧಿಯೆನ್ನುವಿರಾದರೆ, ಅದು ಎರಡು ಕೆಲಸಗಳ ಸರದಿ ತಪ್ಪಿದ್ದರಲ್ಲಿ ಬಂತು. ಸತ್ತವರಿಗಿಂತ ಬದುಕಿರುವವರು ಮೊದಲೆಂಬುದು ನಾಟಕದುದ್ದಕ್ಕೂ ಅವನಿಗೆ ಹೊಳೆಯಲೇ ಇಲ್ಲ, ಪಶ್ಚಾತ್ತಾಪಪಡುವಾಗಲೂ.

'ಒರೆಸ್ಟಿಯ'ದಲ್ಲಿ ಇಂಥ ಕ್ಷಣಗಳು ಇನ್ನೂ ಬರಿಗಣ್ಣಿಗೆ ಕಾಣುವಂತಿವೆ. ಕ್ರಿ.ಪೂ. 458ರಲ್ಲಿ ಮೊದಲ ಬಹುಮಾನ ಪಡೆದ ಈ ತ್ರಿವಳಿ ಒಂದೇ ಮನೆತನದ ಕೊಲೆಗಳ ಸರಪಳಿ. ಗಾಳಿ ಕೈಕೊಟ್ಟು, ಟ್ರಾಯ್ ಯುದ್ಧಕ್ಕೆ ಹೊರಟ ಹಡಗುಗಳು ಔಲಿಸ್‌ನಲ್ಲಿ ನಿಂತಾಗ ಮಗಳು ಇಫಿಜಿನಿಯಳನ್ನು ದೇವತೆಗೆ ಬಲಿಕೊಡಬೇಕಾಗಿ ಬಂದ ಅಗಮೆಮ್ನಾನ್, ಕೇಳದಿದ್ದರೂ ಕೇಡು, ಮಗಳನ್ನು ಕಡಿದರೂ ಕೇಡು, ಆದರೆ ಪಡೆಯನ್ನು ಕೈಬಿಡಲಿ ಹೇಗೆ ಎನ್ನುತ್ತಾನೆ. ಅದಾದ ಕೂಡಲೇ, ಅವನು ಅನಿವಾರ್ಯತೆಯ ನೊಗವನ್ನು ಹೊತ್ತುಕೊಂಡ ಎಂದು ಮೇಳ ಹಾಡುತ್ತದೆ. ನೊಗ ಅನಿವಾರ್ಯತೆಯದು, ಹೊತ್ತುಕೊಂಡವನು ಅವನು. ಈಡಿಪಸನ ಉತ್ತರದಲ್ಲಿದ್ದ ಎರಡು ಎಳೆಗಳು ಇಲ್ಲೂ ಹೀಗೆ ಹೆಣೆದುಕೊಂಡಿವೆ.

ಆ ಮಗಳ ಹೆಸರಿನಲ್ಲಿ ಅಗಮೆಮ್ನಾನನನ್ನು ಹೆಂಡತಿ ಕ್ಲೈಟೆಮ್ನೆಸ್ಟ್ರ ಕೊಲ್ಲುತ್ತಾಳೆ. ಎರಡನೆಯ ನಾಟಕದಲ್ಲಿ, ತಂದೆಯ ಕೊಲೆಗೆ ಸೇಡು ತೀರಿಸಲು ಬಂದ ಮಗ ಒರೆಸ್ಟಿಸನ ಎದುರು ತಾಯಿ ಕ್ಲೈಟೆಮ್ನೆಸ್ಟ್ರ ತಾನು ಹಾಲೂಡಿಸಿದ ಎದೆಯನ್ನು ತೋರಿಸುತ್ತಾಳೆ. ಅವನ ಕೈ ತಡೆಯುತ್ತದೆ. ತಾಯಿಯನ್ನು ಕೊಲ್ಲಲು ಹಿಂಜರಿಯಲೇ ಎಂದು ಗೆಳೆಯ ಪೈಲಾಡಿಸನನ್ನು ಕೇಳುತ್ತಾನೆ. ಅಲ್ಲಿಯವರೆಗೆ ಮೂಕನಂತೆ ಜೊತೆಗಿದ್ದ ಪೈಲಾಡಿಸ್ ಇಡೀ ನಾಟಕದಲ್ಲಿ ಆಡುವುದು ಮೂರೇ ಸಾಲು: ಹಾಗಾದರೆ ಅಪೋಲೊನ ವಾಣಿಯ ಗತಿಯೇನು, ಎಲ್ಲ ಮನುಷ್ಯರನ್ನು ಹಗೆ ಮಾಡಿಕೊ, ದೇವರನ್ನಲ್ಲ. ವಿಧಿಯ ಮಾತು ಇಲ್ಲಿ ಗೆಳೆಯನ ಬಾಯಿಂದ ಬರುತ್ತದೆ, ಒರೆಸ್ಟಿಸ್ ಕೇಳಿದ್ದರಿಂದ ಬರುತ್ತದೆ. ರಂಗದ ಮೇಲೆ ಆಡಿಸುವವರು ಈ ಮೂರು ಸಾಲುಗಳ ಮೊದಲು ಎಷ್ಟು ಹೊತ್ತು ಮೌನವಿರಬೇಕೆಂದು ನಿರ್ಧರಿಸಿದರೆ ಅರ್ಧ ನಿರ್ದೇಶನ ಮುಗಿದಂತೆ.

ಮೂರನೆಯ ನಾಟಕದಲ್ಲಿ ಬಂಧುತ್ವವೇ ನ್ಯಾಯಾಲಯಕ್ಕೆ ಬರುತ್ತದೆ. ಸೇಡಿನ ದೇವತೆಗಳಾದ ಎರಿನಿಗಳು ಒರೆಸ್ಟಿಸನ ಬೆನ್ನಟ್ಟಿದ್ದಾರೆ. ಗಂಡನನ್ನು ಕೊಂದ ಕ್ಲೈಟೆಮ್ನೆಸ್ಟ್ರಳನ್ನೇಕೆ ಬೆನ್ನಟ್ಟಲಿಲ್ಲ ಎಂದರೆ, ಗಂಡ ಹೆಂಡತಿಗೆ ರಕ್ತಸಂಬಂಧಿಯಲ್ಲ ಎಂಬ ಉತ್ತರ. ಅಪೋಲೊ ಇದಕ್ಕೆ ಪ್ರತಿಯಾಗಿ, ತಾಯಿ ನಿಜವಾದ ಜನಕಳಲ್ಲ, ಬಿತ್ತಿದ ಬೀಜವನ್ನು ಪೋಷಿಸುವವಳು ಮಾತ್ರ ಎಂದು ವಾದಿಸಿ, ತಾಯಿಯಿಲ್ಲದೆ ಹುಟ್ಟಿದ, ಅಥೆನ್ಸಿನ ಕಾವಲುದೇವತೆ ಅಥೀನಳನ್ನೇ ಸಾಕ್ಷಿ ತೋರಿಸುತ್ತಾನೆ. ಮತಗಳು ಸಮವಾಗಿ, ಅಥೀನಳ ಪಕ್ಷ ಒರೆಸ್ಟಿಸನ ಕಡೆಗಿರುವುದರಿಂದ ಅವನು ಬಿಡುಗಡೆಯಾಗುತ್ತಾನೆ. ಅಪೋಲೊನ ಈ ವಾದ ಇಂದಿನ ಓದುಗರಿಗೆ ಅಸಹ್ಯವೆನಿಸುತ್ತದೆ, ಎನಿಸಬೇಕು. ಆದರೆ ಅಷ್ಟು ಕೆಟ್ಟ ವಾದವಿದ್ದೂ ಮತಗಳು ಸಮಸಮ ಬಿದ್ದದ್ದನ್ನು ಗಮನಿಸಿ. ವಾದ ಗೆಲ್ಲಲಿಲ್ಲ, ಕೊಲೆಗಳ ಸರಪಳಿಯನ್ನು ಎಲ್ಲಾದರೂ ನಿಲ್ಲಿಸಲೇಬೇಕಾದ ಅಗತ್ಯ ಗೆದ್ದಿತು. ಸೋತ ಎರಿನಿಗಳನ್ನು ಅಥೀನ ಓಡಿಸುವುದಿಲ್ಲ, ಗೌರವದ ನೆಲೆ ಕೊಟ್ಟು ಊರಿನಲ್ಲೇ ಇರಿಸಿಕೊಳ್ಳುತ್ತಾಳೆ.

ಮೇಳವನ್ನು ನಂಬುವುದೆಷ್ಟು

ಮೇಳದ ಹಾಡುಗಳನ್ನು ಕವಿಯ ಅಭಿಪ್ರಾಯವೆಂದು ಓದುವ ಅಭ್ಯಾಸ ಬಿಡಬೇಕು. ಮೇಳವೂ ಒಂದು ಪಾತ್ರ: 'ಆಂಟಿಗನಿ'ಯಲ್ಲಿ ಅದು ದೊರೆಗೆ ಅಂಜುವ ಊರ ಹಿರಿಯರ ಗುಂಪು, ಈಸ್ಕಿಲಸನ 'ಥೀಬ್ಸಿನ ವಿರುದ್ಧ ಏಳು ಮಂದಿ'ಯಲ್ಲಿ ಗಾಬರಿಗೊಂಡ ಹೆಂಗಸರ ಗುಂಪು. ಈ ಎರಡನೆಯ ನಾಟಕದಲ್ಲಿ ಏಳನೆಯ ಬಾಗಿಲಲ್ಲಿ ನಿಂತಿರುವವನು ತಮ್ಮ ದೊರೆಯ ಒಡಹುಟ್ಟಿದವನೇ ಎಂದು ತಿಳಿದಾಗ, ನೀನು ಮಾತ್ರ ಅಲ್ಲಿಗೆ ಹೋಗಬೇಡ ಎಂದು ಆ ಹೆಂಗಸರು ಎಟಿಯೊಕ್ಲಿಸನನ್ನು ಬೇಡುತ್ತಾರೆ. ಅವನು ತಂದೆಯ ಶಾಪದ ಹೆಸರು ಹೇಳಿ ಹೋಗುತ್ತಾನೆ. ಹೋಗದಿರುವ ದಾರಿಯನ್ನು ಮೇಳ ತೆರೆದು ತೋರಿಸಿದ್ದರಿಂದಲೇ ಅವನು ಹೋದದ್ದು ತೀರ್ಮಾನವಾಗುತ್ತದೆ. ಮೇಳದ ಮಾತು ಸರಿಯೇ ತಪ್ಪೇ ಎನ್ನುವುದಕ್ಕಿಂತ, ಅದು ಯಾವ ಬಾಗಿಲನ್ನು ತೆರೆಯಿತು, ನಾಯಕ ಯಾವುದನ್ನು ಮುಚ್ಚಿದ ಎಂದು ನೋಡುವುದು ಫಲಕಾರಿ.

ಬರೆಯುವಾಗ

ಓದಿದ ಮೇಲೆ ಬರೆಯಬೇಕಾದವರಿಗೆ, ಅದು ತರಗತಿಗಾಗಲಿ ರಂಗಪ್ರಯೋಗದ ಸಿದ್ಧತೆಗಾಗಲಿ, ಒಂದು ಸಲಹೆ. ನಿಮ್ಮ ಮುಖ್ಯ ವಾಕ್ಯದಲ್ಲಿ ವಿಧಿ ಎಂಬ ಪದವನ್ನು ಕರ್ತೃವಾಗಿ ಬಳಸಬೇಡಿ. 'ವಿಧಿಯು ಅಗಮೆಮ್ನಾನನನ್ನು ಬಲಿ ತೆಗೆದುಕೊಂಡಿತು' ಎಂಬ ವಾಕ್ಯ ಏನನ್ನೂ ಹೇಳುವುದಿಲ್ಲ. 'ಸೇನೆಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಮಗಳನ್ನು ಕೊಂದವನನ್ನು, ಆ ಮಗಳ ಹೆಸರಿನಲ್ಲಿ ಹೆಂಡತಿ ಕೊಂದಳು' ಎಂದು ಬರೆದು ನೋಡಿ. ಯಾರು, ಯಾರಿಗಾಗಿ, ಯಾರ ವಿರುದ್ಧ ಎಂಬ ಮೂರೂ ಅದರಲ್ಲಿ ಬಂದಿವೆ, ಮುಂದಿನ ಕೊಲೆಯ ಬೀಜವೂ ಕಾಣುತ್ತದೆ. ಹಾಗೆಯೇ ಪಾತ್ರವೊಂದಕ್ಕೆ ತೀರ್ಪು ಕೊಡುವ ಮೊದಲು ಎದುರು ಪಕ್ಷದ ವಾದವನ್ನು ಅದಕ್ಕಿಂತ ಚೆನ್ನಾಗಿ ಬರೆದು ತೋರಿಸುವ ಶಿಸ್ತನ್ನು ರೂಢಿಸಿಕೊಳ್ಳಿ. ಆಂಟಿಗನಿಯ ಪಕ್ಷವನ್ನು ಬರೆಯುವುದು ಸುಲಭ, ಕ್ರಿಯಾನನದನ್ನು ಬರೆಯುವುದು ಕಷ್ಟ. ಕಷ್ಟವಾದದ್ದನ್ನೇ ಮೊದಲು ಬರೆಯಬೇಕು.

ಈ ಕ್ರಮ ಕೈಗೆ ಹತ್ತಿದ ಮೇಲೆ ಒಂದೇ ಘಟನೆಯನ್ನು ಮೂವರು ಕವಿಗಳು ಹೇಗೆ ಕಟ್ಟಿದ್ದಾರೆಂದು ನೋಡುವ ಅಭ್ಯಾಸವನ್ನು ಶುರುಮಾಡಬಹುದು. ಒರೆಸ್ಟಿಸ್ ತಾಯಿಯನ್ನು ಕೊಲ್ಲುವ ದೃಶ್ಯ ಈಸ್ಕಿಲಸನ ತ್ರಿವಳಿಯಲ್ಲಿದೆ, ಸೊಫೊಕ್ಲಿಸ್ ಮತ್ತು ಯೂರಿಪಿಡಿಸ್ ಇಬ್ಬರೂ ಬರೆದ 'ಎಲೆಕ್ಟ್ರ' ನಾಟಕಗಳಲ್ಲಿದೆ. ಈಸ್ಕಿಲಸನಲ್ಲಿ ಕೊಲೆ ಮುಗಿಯುತ್ತಲೇ ಒರೆಸ್ಟಿಸನಿಗೆ ಎರಿನಿಗಳು ಕಾಣಿಸತೊಡಗುತ್ತಾರೆ. ಸೊಫೊಕ್ಲಿಸನ ಎಲೆಕ್ಟ್ರ ಹೊರಗೆ ನಿಂತು, ಶಕ್ತಿಯಿದ್ದರೆ ಇನ್ನೊಂದು ಏಟು ಹಾಕು ಎಂದು ಒಳಗಿರುವ ತಮ್ಮನಿಗೆ ಕೂಗುತ್ತಾಳೆ; ಹೊರಬಂದ ಅವನು, ಅಪೋಲೊ ಸರಿಯಾಗಿ ಹೇಳಿದ್ದರೆ ಒಳಗೆಲ್ಲ ಸರಿಯಾಗಿದೆ ಎಂಬ ಮಾತಾಡುತ್ತಾನೆ. ಯೂರಿಪಿಡಿಸನಲ್ಲಿ ಮಗಳು ಬಾಣಂತಿಯೆಂಬ ಸುಳ್ಳು ಸುದ್ದಿ ಕಳಿಸಿ ತಾಯಿಯನ್ನು ಗುಡಿಸಲಿಗೆ ಬರಮಾಡಿಕೊಳ್ಳುತ್ತಾರೆ. ಕೊಲೆಯಾದ ಮರುಕ್ಷಣ ಮಕ್ಕಳಿ‌ಬ್ಬರೂ ತತ್ತರಿಸುತ್ತಾರೆ, ಕತ್ತಿಯ ಮೇಲೆ ತನ್ನ ಕೈಯೂ ಇತ್ತೆಂದು ಎಲೆಕ್ಟ್ರ ಒಪ್ಪಿಕೊಳ್ಳುತ್ತಾಳೆ, ಆಕಾಶದಲ್ಲಿ ಕಾಣಿಸಿಕೊಂಡ ದೇವತೆಯೇ ಅಪೋಲೊನ ವಾಣಿ ವಿವೇಕದ್ದಾಗಿರಲಿಲ್ಲ ಎನ್ನುತ್ತಾನೆ. ಮೂರೂ ದೃಶ್ಯಗಳನ್ನು ಒಂದೇ ದಿನ ಓದಿ, ಕೊಲೆಯಾದ ಮೇಲೆ 'ಇದನ್ನು ಮಾಡಿದವನು ನಾನು' ಎಂದು ಯಾರು, ಎಷ್ಟು ಹೊತ್ತಿಗೆ, ಯಾರ ಮುಂದೆ ಹೇಳುತ್ತಾರೆಂಬುದನ್ನು ಟಿಪ್ಪಣಿಯ ಮೂರನೆಯ ಅಂಕಣದಲ್ಲಿ ಬರೆದುಕೊಳ್ಳಿ.